ಅರಿಶಿನದ ಮೂಲೆ

ನಿಡವಂದ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದಾಗ ನನ್ನ ಹತ್ತಿರ ಒಂದು ತಗಡಿನ ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ ಮತ್ತು ಬೇಕಾದ್ದಕ್ಕಿಂತ ಹೆಚ್ಚು ಆತ್ಮವಿಶ್ವಾಸ ಇತ್ತು. ಯುದ್ಧ ನಡೆಯುತ್ತಿದ್ದ ಕಾಲ. ನಾನು ಧಾರವಾಡದ ಕಡೆಯವಳು. ವಯಸ್ಸು ಇಪ್ಪತ್ತಮೂರು, ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹೆಂಗಸರಿಗೆ ಓದುಬರಹ ಕಲಿಸಲು ಸಂಬಳ ಕೇಳದವರು ಬೇಕಂತೆ ಎಂದು ಯಾರೋ ಹೇಳಿದ್ದೇ ತಡ, ಹೊರಟುಬಿಟ್ಟೆ. ಹರಿಹರದ ಸೇತುವೆ ದಾಟಿದರೆ ಬೇರೆ ರಾಜ್ಯ, ಬೇರೆ ದೊರೆ, ಬೇರೆ ಊಟ. ನಾನು ಪರದೇಶಕ್ಕೇ ಹೋಗುತ್ತಿದ್ದೇನೆ ಎಂಬಂತೆ ನನ್ನ ತಾಯಿ ಅತ್ತರು. ಮಾತು ಒಂದೇ ಅಲ್ಲವೇ, ಮತ್ತೇನು ಭಯ ಎಂದು ನಾನು ನಕ್ಕಿದ್ದೆ.

ಶಿವಗಂಗೆಯ ಬೆಟ್ಟ ಕಾಣುವ ಒಂದು ಸಣ್ಣ ಹಳ್ಳಿಯಲ್ಲಿ, ಒಕ್ಕಲು ಮನೆಯೊಂದರ ಹೊರಕೋಣೆಯಲ್ಲಿ ನನ್ನನ್ನು ಇಳಿಸಿದರು. ಆ ಮನೆಯಲ್ಲಿ ಇದ್ದವರು ಇಬ್ಬರೇ: ಅತ್ತೆ ಮತ್ತು ಸೊಸೆ. ಮಗ ದಂಡಿಗೆ ಸೇರಿ ಬರ್ಮಾದ ಕಡೆ ಲಾರಿ ಓಡಿಸುತ್ತಿದ್ದ. ಮೊದಲ ದಿನ ಮುದ್ದೆ ಬಡಿಸಿದರು. ರೊಟ್ಟಿ ತಿಂದು ಬೆಳೆದ ನಾನು ಅದನ್ನು ಅಗಿದೆ. ಅಗಿದಷ್ಟೂ ಅದು ಬಾಯಿಯಲ್ಲಿ ಬೆಳೆಯಿತು.

"ಮೇಷ್ಟ್ರಮ್ಮ, ಅದನ್ನ ಅಗೀಬಾರ್ದು, ನುಂಗ್ಬೇಕು. ನಮ್ಗೆ ಅಕ್ಷರ ಕಲ್ಸೋಕೆ ಬಂದೋರ್ಗೆ ನಾವು ಉಣ್ಣೋದು ಕಲ್ಸೋ ಹಂಗಾಯ್ತಲ್ಲ!" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿನ ಹಿಂದೆಯೇ ಕೆಮ್ಮು ಬಂತು. ಆ ಮುದುಕಿಗೆ ಎದೆಯಲ್ಲಿ ಹಳೆಯ ಕೆಮ್ಮಿತ್ತು. ಮಗ ದಂಡಿಗೆ ಹೊರಟಾಗ ಅವಳು ಹಾಸಿಗೆ ಹಿಡಿದಿದ್ದಳಂತೆ.

ನನಗೆ ಸಿಟ್ಟು ಬೇಗ. ಕೊಳಕು ಕಂಡರೆ, ಗೀಚುಬರಹ ಕಂಡರೆ, ಹೇಳಿದ ಹೊತ್ತಿಗೆ ಯಾರಾದರೂ ಬರದಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಪಾಠ ಎಂದರೆ ಹೆಂಗಸರು ದನಕ್ಕೆ ನೀರು ತೋರಿಸಿ, ಮಗುವಿಗೆ ಹಾಲುಣಿಸಿ, ಮೂರೂವರೆಗೆ ಬರುವರು. ಬಂದವರ ಮಡಿಲಲ್ಲಿ ಬಿಡಿಸಬೇಕಾದ ಅವರೆಕಾಯಿ. "ಹಿಂಗಾದ್ರ ಹ್ಯಾಂಗ ಕಲೀತೀರಿ ನೀವು?" ಎಂದು ನಾನು ಕೂಗಾಡಿದರೆ ನನ್ನ ಮಾತಿನ ಧಾಟಿಗೇ ನಗುವರು. ಕೊನೆಗೆ ಸೋತು, ಮೊರದಲ್ಲಿ ಅವರೆಕಾಳು ಜೋಡಿಸಿ ಅಕ್ಷರ ಮಾಡಿ ತೋರಿಸಿದೆ. ಪಾಠ ಮುಗಿದ ಮೇಲೆ ಆ ಕಾಳೆಲ್ಲ ಸಾರಿಗೆ ಹೋಗುತ್ತಿತ್ತು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ನಾನೂ ಮುದ್ದೆ ನುಂಗುತ್ತಿದ್ದೆ, ತಲೆಯ ಮೇಲೆ ಒಂದು ಬಿಂದಿಗೆ ಹೊರುತ್ತಿದ್ದೆ.

ಹತ್ತು ಹನ್ನೆರಡು ಹೆಂಗಸರಲ್ಲಿ ನಿಜವಾಗಿ ಕಲಿತವಳು ಆ ಮನೆಯ ಸೊಸೆ ಒಬ್ಬಳೇ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಒಲೆಯ ಮುಂದೆ ಕೂತಾಗಲೂ ಬೂದಿಯಲ್ಲಿ ಕಡ್ಡಿಯಿಂದ ಬರೆಯುತ್ತಿದ್ದಳು. ಇಷ್ಟೊಂದು ಆತುರ ಯಾಕೆ ಎಂದು ಒಂದು ದಿನ ಬಾವಿಯ ಹತ್ತಿರ ಕೇಳಿದೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದಳು.

"ಜೋಡೆತ್ನಾಗೆ ಒಂದ್ನ ಮಾರ್ಬುಟ್ಟ, ನನ್ನ ಒಂದ್ಮಾತೂ ಕೇಳ್ದೆ. ಅದು ನಮ್ಮಪ್ಪ ಕೊಟ್ಟಿದ್ದೆತ್ತು. ಸಿಟ್ನಾಗೆ ಅಂದ್ಬುಟ್ಟೆ, ನಿನ್ ಮುಖ ನಂಗೆ ತೋರಿಸ್ಬೇಡ ಅಂತ. ಎಂಟೇ ದಿನಕ್ಕೆ ಬೆಂಗ್ಳೂರ್ಗೋಗಿ ದಂಡಿಗೆ ಸೇರ್ಕೊಂಡ. ಹೋಗೋವಾಗ್ಲೂ ನಾನು ಮಾತಾಡ್ಸಲಿಲ್ಲ ಮೇಷ್ಟ್ರಮ್ಮ."

ಅವನಿಗೆ ಕಾಗದ ಹೋಗುತ್ತಿರಲಿಲ್ಲ ಎಂದಲ್ಲ. ಊರ ಚಾವಡಿಯಲ್ಲಿ ಒಬ್ಬ ಹಿರಿಯರು ಎಲ್ಲರಿಗೂ ಕಾಗದ ಬರೆದುಕೊಡುತ್ತಿದ್ದರು. ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿ ನಿಮ್ಮ ಕ್ಷೇಮಕ್ಕೆ ಬರೆಯಿರಿ, ಮಳೆ ಆಗಿದೆ, ರಾಗಿ ಬಿತ್ತಿದೆ. ಹತ್ತು ಜನ ಗಂಡಸರು ಕೂತ ಜಾಗದಲ್ಲಿ ಅವಳು ಏನು ತಾನೇ ಹೇಳಿ ಬರೆಸಿಯಾಳು? ನಾನು ಬರೆದುಕೊಡುತ್ತೇನೆ ಎಂದೆ. ತಲೆಯಾಡಿಸಿದಳು. ಅಂದಿದ್ದು ತನ್ನ ಬಾಯಿ, ಬರೆಯುವುದೂ ತನ್ನ ಕೈಯೇ ಆಗಬೇಕು ಎಂದಳು. ಅಂದಿನಿಂದ ಆ ಕಾಗದ ಅವಳದ್ದಷ್ಟೇ ಅಲ್ಲ, ನನ್ನದೂ ಆಯಿತು. ನಾನು ಮನೆ ಬಿಟ್ಟು ಬಂದದ್ದಕ್ಕೆ ಅದೊಂದೇ ಅರ್ಥ ಎಂದು ನಂಬಿಕೊಂಡೆ.

ಸುಗ್ಗಿ ಮುಗಿದ ಮೇಲೆ ಅವಳು ಬರೆದಳು. ಏಳು ಸಾಲು, ಮೂರು ದಿನ. ಅಕ್ಷರ ಒಂದೊಂದೂ ಅವರೆಕಾಯಿಯಷ್ಟು ದಪ್ಪ. ಇದನ್ನು ನಾನೇ ಬರೆದಿದ್ದೇನೆ, ಯಾರೂ ಹೇಳಿಕೊಟ್ಟಿಲ್ಲ, ನನಗೆ ಸಿಟ್ಟಿಲ್ಲ ಎಂದಿತ್ತು. ಕೊನೆಯ ಸಾಲು: ಮುಖ ತೋರಿಸು ಬಾ.

ಅವನಿಗೂ ಓದು ಬಾರದು. ಜೊತೆಗಿದ್ದ ತುಮಕೂರಿನ ಕಡೆಯ ಗೆಳೆಯನೊಬ್ಬ ಓದಿ ಹೇಳುತ್ತಾನೆ ಎಂಬುದು ನಮಗೆ ಗೊತ್ತಿತ್ತು. ಆ ಗೆಳೆಯ ಕೇಳಿಸಿಕೊಂಡರೆ ಪರವಾಗಿಲ್ಲ, ಅವನು ಈ ಊರಿನವನಲ್ಲವಲ್ಲ ಎಂದು ನಕ್ಕಳು. ಒಳಗೆ ಹೋಗಿ ಅರಿಶಿನ ಕಲಸಿ ತಂದು ಕಾಗದದ ಮೇಲಿನ ಮೂಲೆಗೆ ಹಚ್ಚಿದಳು. ನೀರು ಹೆಚ್ಚಾಗಿತ್ತು. ಆಮೇಲೆ ನನ್ನ ಕೈಗೆ ಕೊಟ್ಟು, ಲಕೋಟೆಗೆ ಹಾಕಿ ವಿಳಾಸ ಬರೆದು ಕಳಿಸಿ ಎಂದು ಹೊಲಕ್ಕೆ ಹೋದಳು.

ನನ್ನ ಕೋಣೆಯಲ್ಲಿ ಕೂತು ನೋಡಿದೆ. ಒದ್ದೆ ಅರಿಶಿನ ಅಲ್ಲಿದ್ದ ಶಾಯಿಯ ಕಲೆಗೆ ತಗುಲಿ ಆ ಮೂಲೆಯಷ್ಟೂ ಹಸಿರು ಬಣ್ಣದ ರಾಡಿಯಾಗಿತ್ತು. ಮೂರು ದಿನ ಕಷ್ಟಪಟ್ಟು ಬರೆದ ಕಾಗದ ಹೀಗೆ ಹೋಗುವುದೇ? ನನ್ನ ಹಾಳು ಅಚ್ಚುಕಟ್ಟುತನ ಕೇಳಬೇಕಲ್ಲ. ಮಡಚಿ, ಉಗುರಿನಿಂದ ಗೀರಿ, ಆ ಮೂಲೆಯನ್ನು ನಾಜೂಕಾಗಿ ಹರಿದು ತೆಗೆದೆ. ಬರಹ ಒಂದು ಅಕ್ಷರವೂ ಹೋಗಲಿಲ್ಲ. ನೋಡಲು ಚೆನ್ನಾಯಿತು ಎಂದು ಖುಷಿಯಾಗಿ, ನಾನೇ ನಡೆದುಹೋಗಿ ಅಂಚೆಗೆ ಹಾಕಿ ಬಂದೆ.

ಎರಡು ತಿಂಗಳ ಮೇಲೆ ಉತ್ತರ ಬಂತು. ಅತ್ತೆ ಜಗಲಿಯ ಮೇಲೆ ಕೂತಿದ್ದಳು. ಓದಲು ನಾನು ಕೈ ಚಾಚಿದರೆ ಸೊಸೆ ಕೊಡಲಿಲ್ಲ. ತಾನೇ ಓದಿದಳು, ಅಕ್ಷರಕ್ಕೆ ಅಕ್ಷರ ಕೂಡಿಸುತ್ತಾ, ಬೆರಳಿಟ್ಟುಕೊಂಡು. ಗೆಳೆಯನ ಕೈಬರಹ, ಮಾತು ಅವನದು. ನಿಮ್ಮ ಕಾಗದ ಬಂತು. ಮೂಲೆ ಹರಿದದ್ದು ನೋಡಿದೆ. ಅವ್ವ ಹೋದಳು ಎಂದು ತಿಳಿಯಿತು. ಗೆಳೆಯ ಓದುತ್ತೇನೆ ಎಂದ, ನಾನು ಬೇಡ ಎಂದೆ. ಅದನ್ನು ಕಿವಿಯಲ್ಲಿ ಕೇಳುವ ಶಕ್ತಿ ನನಗಿಲ್ಲ. ಕಾಗದ ಹರಿದು ಹೊಳೆಗೆ ಬಿಟ್ಟು, ತಲೆ ಬೋಳಿಸಿಕೊಂಡು ಸ್ನಾನ ಮಾಡಿದೆ.

ಓದುತ್ತಾ ಓದುತ್ತಾ ಅವಳ ಬೆರಳು ನಿಂತಿತು. ನನಗೆ ಏನೊಂದೂ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ಸಾವಿನ ಕಾಗದವನ್ನು ಓದಿದ ಮೇಲೆ ಹರಿದು ಹಾಕುತ್ತಿದ್ದರು, ಅಷ್ಟೇ. ಕಳಿಸುವವರೇ ಮೂಲೆ ಹರಿದು ಕಳಿಸುತ್ತಾರೆ, ಅದನ್ನು ಕಂಡವರು ಕಾಗದವನ್ನು ಹೊಸ್ತಿಲ ಒಳಗೆ ತರುವುದಿಲ್ಲ ಎಂಬ ಇಲ್ಲಿಯ ಪದ್ಧತಿಯನ್ನು ಅತ್ತೆ ಅಂದು ನನಗೆ ಬಿಡಿಸಿ ಹೇಳಿದಳು. ಕಾಗದದ ಮೂಲೆ ಹರಿದದ್ದು ನಾನೇ ಎಂದು ಒಪ್ಪಿಕೊಂಡೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮುದುಕಿ ಮಾತ್ರ ನಕ್ಕಳು. "ಬದುಕಿರೋಳ್ಗೇ ತಲೆ ಬೋಳಿಸ್ಕೊಂಡ್ನಾ ನನ್ಮಗ! ಬುಡಿ ಮೇಷ್ಟ್ರಮ್ಮ, ಸತ್ತೋದ್ಲು ಅಂತ ಸುದ್ದಿ ಹಬ್ಬುದ್ರೆ ಆಯಸ್ಸು ಗಟ್ಟಿ ಆಯ್ತದೆ. ಇನ್ನೂ ಹತ್ತೊರ್ಷ ನಾನು ಹೋಗಾಕಿಲ್ಲ ಕಣವ್ವ."

ಸೊಸೆ ನಗಲಿಲ್ಲ, ಬೈಯಲೂ ಇಲ್ಲ. ಅವಳಿಗೆ ಹೊಳೆದದ್ದು ಒಂದೇ ಮಾತು: ಅವನು ಆ ಏಳು ಸಾಲನ್ನು ಕೇಳಲೇ ಇಲ್ಲ. ಗಂಡನಿಲ್ಲದ ನಾನು, ನನ್ನ ಕೈಯಾರೆ, ಅವಳ ಅರಿಶಿನವನ್ನೇ ಹರಿದಿದ್ದೆ. ಯಾರೂ ಹಾಗೆ ಅನ್ನಲಿಲ್ಲ. ಆದರೆ ನಾನು ಅಂದುಕೊಂಡೆ, ಇವತ್ತಿಗೂ ಅಂದುಕೊಳ್ಳುತ್ತೇನೆ.

ಆ ಸಂಜೆಯೇ ಅವಳು ಎರಡನೆಯ ಕಾಗದ ಬರೆದಳು. ಈಗ ಕೈ ಕುದುರಿತ್ತು, ಮೂರು ದಿನ ಬೇಕಾಗಲಿಲ್ಲ. ಅವ್ವ ಗಟ್ಟಿಯಾಗಿದ್ದಾಳೆ ಎಂದು ಮೊದಲು ಬರೆದು, ಆಮೇಲೆ ಹಳೆಯ ಏಳು ಸಾಲನ್ನೂ ಒಂದೂ ಬಿಡದೆ ಬರೆದಳು. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ಮರುದಿನ ಬಿಸಿಲಲ್ಲಿ ಒಣಗಿಸಿ, ಲಕೋಟೆಯನ್ನು ತಾನೇ ಅಂಟಿಸಿದಳು. ನನ್ನ ಕೈಗೆ ಕೊಡಲಿಲ್ಲ. ವಿಳಾಸವನ್ನು ಮಾತ್ರ, ಅದು ಇಂಗ್ಲಿಷಿನಲ್ಲಿ ಇರಬೇಕಾದ್ದರಿಂದ, ಅವಳು ಲಕೋಟೆ ಹಿಡಿದುಕೊಂಡಿದ್ದ ಹಾಗೆಯೇ ನಾನು ಬರೆದೆ.

ಮಳೆಗಾಲ ಕಳೆಯಿತು. ಒಂದು ದಿನ ಆ ಲಕೋಟೆ ಹಾಗೆಯೇ ಹಿಂದಕ್ಕೆ ಬಂತು. ನಾನು ಬರೆದ ವಿಳಾಸದ ಮೇಲೆ ಗೀಟು ಎಳೆದಿತ್ತು, ಒಂದು ಮುದ್ರೆ ಒತ್ತಿತ್ತು. ಅಂಟು ಬಿಚ್ಚಿರಲಿಲ್ಲ. "ಅವರನ್ನ ಬೇರೆ ಊರಿಗೆ ಹಾಕಿರಬೇಕು, ಹೊಸ ವಿಳಾಸ ಬರ್ತದ ತಡಿ" ಎಂದೆ. ನನಗೇ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ, ಆದರೂ ಹೇಳಿದೆ. ಅವಳು ಅದನ್ನು ರಾಗಿ ಮಡಕೆಯ ಹಿಂದೆ ಇಟ್ಟಳು, ವಿಳಾಸ ಬಂದ ಕೂಡಲೇ ಮತ್ತೆ ಕಳಿಸಲು.

ಅದಾದ ಹತ್ತು ಹನ್ನೆರಡು ದಿನಕ್ಕೆ, ನಾನು ಪಕ್ಕದ ಹಳ್ಳಿಯಿಂದ ಪಾಠ ಮುಗಿಸಿ ಬಂದಾಗ, ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಮುಖ ಅರಳಿತ್ತು. ಸರ್ಕಾರದ ಕಾಗದ ಬಂದಿದೆಯಂತೆ. ಅಂಚೆಯವನ ಕೈಯಿಂದ ತೆಗೆದುಕೊಂಡ ಕೂಡಲೇ ಲಕೋಟೆ ಬಿಡಿಸಿ ಅವಳು ನೋಡಿದ್ದು ಮೂಲೆಗಳನ್ನು. ನಾಲ್ಕೂ ನೆಟ್ಟಗಿದ್ದವು. ಅದಕ್ಕೇ ಒಳಗೆ ತಂದು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದ್ದಳು.

"ಮೂಲೆ ಎಲ್ಲಾ ಚೆಂದಾಗವೆ ಮೇಷ್ಟ್ರಮ್ಮ. ವಿಳಾಸನೇ ಇರ್ಬೇಕು. ಇಂಗ್ಲೀಸ್ನಾಗೈತೆ, ನೀವೇ ಓದಿ."

ನಾಲ್ಕು ಸಾಲು ಅಚ್ಚಾಗಿತ್ತು, ನಡುವೆ ಬಿಟ್ಟ ಜಾಗದಲ್ಲಿ ಅವನ ಹೆಸರು. ಓದಿದೆ. ಕಾಗದದಿಂದ ತಲೆಯೆತ್ತಿ ಅವಳನ್ನು ನೋಡಿದೆ. ಅವಳಿಗೆ ಅಷ್ಟು ಹೊತ್ತಿಗೆ ನನ್ನ ಮುಖ ಓದಲು ಚೆನ್ನಾಗಿ ಬರುತ್ತಿತ್ತು. ಒಳಗಿನಿಂದ ಅತ್ತೆ, "ಏನಂತೆ? ಯಾವಾಗ್ಬತ್ತಾನಂತೆ?" ಎಂದು ಕೇಳುತ್ತಿದ್ದಳು. ಅವಳ ಕೆಮ್ಮು ಆ ವರ್ಷ ಪೂರ್ತಿ ವಾಸಿಯಾಗಿತ್ತು.

ಸೊಸೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು. ನಾಲ್ಕು ಮೂಲೆಗಳನ್ನೂ ಬೆರಳಿನಿಂದ ಇನ್ನೊಮ್ಮೆ ಮುಟ್ಟಿ ನೋಡಿದಳು. ಮತ್ತೆ ನನಗೇ ಕೊಟ್ಟಳು.

"ಹಿಂಗೇ ಮನೆಯೊಳ್ಗೆ ಇರ್ಬಾರ್ದು. ನೀವೇ ಹರೀರಿ ಮೇಷ್ಟ್ರಮ್ಮ, ನಿಮ್ಗೆ ಬತ್ತದೆ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಹೊಸ್ತಿಲು ದಾಟಿ ಹೊರಗೆ ನಿಂತು ನಾನು ಆ ಕಾಗದದ ಮೂಲೆ ಹರಿದೆ. ಈ ಸಲ ಸರಿಯಾಗಿಯೇ ಹರಿದೆ.