ನಿನ್ನೆಯ ನೀರು

ಮಗಳು ಹೆತ್ತು ಮನೆಗೆ ಬಂದು ಐದು ದಿನವಾಗಿತ್ತು. ಆ ಬೆಳಿಗ್ಗೆ ಮುಂಬಯಿಯ ಜೋಗೇಶ್ವರಿಯ ನಮ್ಮ ಮನೆಯಲ್ಲಿ ಬಾಣಂತಿಗೆ ಎರೆಯಲು ನೀರಿರಲಿಲ್ಲ.

ಇರಲಿಲ್ಲ ಎಂದರೆ ಸುಳ್ಳು. ಹಿಂದಿನ ದಿನ ನಾನೇ ನಿಂತು ಡ್ರಮ್ಮು ತುಂಬಿಸಿದ್ದೆ. ಪರವಾನಗಿ ಇಲ್ಲದ ಬಾವಿಗಳಿಂದ ನೀರೆತ್ತಬಾರದೆಂದು ಸರಕಾರ ಬಿಗಿ ಮಾಡಿದ ಮೇಲೆ ಟ್ಯಾಂಕರಿನವರು ಮುಷ್ಕರ ಹೂಡಿದ್ದರು. ಮುನಿಸಿಪಾಲಿಟಿಯ ನಳ ಬೆಳಿಗ್ಗೆ ಅರ್ಧ ಗಂಟೆ ಬಂದರೆ ಪುಣ್ಯ. ಆದರೆ ನನ್ನ ಅವ್ವ ವಿಜಯಪುರದಿಂದ ತಂದ ರೂಢಿ ಬಿಡುವವಳಲ್ಲ. ಎದ್ದವಳೇ ಡ್ರಮ್ಮು, ಕೊಡ, ಎಲ್ಲ ಬರಿದು ಮಾಡಿ, ತೊಳೆದು, ನಳದ ಕೆಳಗಿಟ್ಟು ಕುಳಿತಿದ್ದಳು. ನಳ ಒಮ್ಮೆ ಕೆಮ್ಮಿ ಸುಮ್ಮನಾಯಿತು.

“ಏನ್ ಮಾಡಿದಿ ಬೇ!”

“ನಿನ್ನಿ ನೀರು ಬಾಣಂತಿ ಮೈಮ್ಯಾಲ ಹಾಕ್ಲೇನೋ?” ಎಂದಳು. ಖಾಲಿ ಕೊಡವನ್ನು ಮತ್ತೆ ನಳಕ್ಕೆ ಒಡ್ಡಿದಳು.

ಮಗಳು ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಿನ ಮಣೆಯ ಮೇಲೆ ಕುಳಿತಿದ್ದಳು. ಎಣ್ಣೆ ಮೈಯ ಕೂಸು ಒಂದೇ ಸಮನೆ ಅಳುತ್ತಿತ್ತು.

ಕಂಪೌಂಡಿನ ಬಾವಿಯ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಬಿಲ್ಡಿಂಗಿನ ಸೆಕ್ರೆಟರಿ ನಾನು. ಪರವಾನಗಿ ಸಿಗುವವರೆಗೆ ಒಂದು ಕೊಡವನ್ನೂ ಎತ್ತಬಾರದೆಂದು ನೋಟಿಸು ಬಂದಾಗ ಬಾವಿಯ ಮೇಲಿನ ಕಬ್ಬಿಣದ ಜಾಲರಿಗೆ ಬೀಗ ಜಡಿದವನೂ ನಾನೇ. ಹಿಂದಿನ ದಿನವಷ್ಟೇ ಕೆಳಗಿನ ಮನೆಯ ಬೆಳಗಾವಿಯ ಅಕ್ಕ, ಹಾಸಿಗೆ ಹಿಡಿದ ಗಂಡನಿಗೆಂದು ಎರಡು ಬಕೀಟು ಕೇಳಿದಾಗ, ಕಾನೂನು ಹೇಳಿ ಕಳಿಸಿದ್ದೆ.

ಕೊಡ ಹಿಡಿದು ಇಳಿದೆ. ಆಕೆ ಬಾವಿಕಟ್ಟೆಯ ಮೇಲೆಯೇ ಕುಳಿತಿದ್ದಳು.

“ಯಾಕ್ರಿ ಸೆಕ್ರೆಟರಿ ಸಾಹೇಬ್ರ, ಪರ್ಮಿಶನ್ ಬಂತೇನ್ರಿ?”

“ಇಲ್ರೀ ಅಕ್ಕಾರ.”

ನನ್ನ ಕೊಡ ನೋಡಿದಳು. “ತಗೀರಿ, ತಗೀರಿ. ನಿಮ್ಮನ್ಯಾಗ ಕೂಸೈತಿ. ನಾ ಯಾರ ಮುಂದೂ ಹೇಳಂಗಿಲ್ಲ. ನಮ್ಮವ್ರನ್ನ ನಿನ್ನಿ ಒಣಾ ಅರಿವಿಲೇ ಒರಸೇನಿ, ಇವತ್ತೂ ಒರಸ್ತೇನಿ.”

ಬೈದಿದ್ದರೆ ತೆಗೆದುಬಿಡುತ್ತಿದ್ದೆನೋ ಏನೋ. ತಲೆಯೆತ್ತಿದರೆ ನಾಲ್ಕೂ ಮಹಡಿಯ ಗ್ಯಾಲರಿಯಲ್ಲಿ ಜನ, ಕೈಯಲ್ಲಿ ಬಕೀಟು. ನಾನು ಬೀಗ ತೆಗೆದರೆ ಅಷ್ಟೂ ಇಳಿದು ಬರುತ್ತವೆ. ಪರವಾನಗಿಗೆ ಹಾಕಿದ ಅರ್ಜಿ ಅಲ್ಲಿಗೇ ಮುಗಿಯಿತು. ಹೊರಗೆ ತೆಗೆದಿದ್ದ ಬೀಗದ ಕೈಯನ್ನು ಮತ್ತೆ ಜೇಬಿಗಿಳಿಸಿದೆ.

ಖಾಲಿ ಕೊಡ ಕಂಡ ಅವ್ವ, ದೇವರ ಮುಂದೆ ನಿನ್ನೆಯಿಂದ ತುಂಬಿಟ್ಟಿದ್ದ ತಂಬಿಗೆಯನ್ನು ಎತ್ತಿಕೊಂಡಳು. ಬೆಚ್ಚಗೆ ಮಾಡಿ, ಹಳೆಯ ಸೀರೆಯ ತುಂಡು ಅದ್ದಿ, ಮೊದಲು ಕೂಸಿನ ಮೈ ಒರೆಸಿದಳು, ಉಳಿದುದರಲ್ಲಿ ಮಗಳದ್ದು.

“ಸಾಕ್ ಬಿಡ ಆಯಿ, ಎಣ್ಣಿ ಎಲ್ಲಾ ಹೋತು,” ಎಂದಳು ಮಗಳು ಅಜ್ಜಿಗೆ.

ಬೆನ್ನ ಮೇಲಿನ ಎಣ್ಣೆ ಹಾಗೆಯೇ ಹೊಳೆಯುತ್ತಿತ್ತು.