ಭಾವ ತೂಗಿ ಆರಿಸಿದ ಇಂಜಿನ್

ಹೋದ ವಾರ ಮನೆಗೆ ಹೊಸ ಕಬ್ಬಿಣದ ದೋಸೆ ಹಂಚು ಬಂತು. ಅದನ್ನು ಪಳಗಿಸಲೆಂದು ನನ್ನ ಹೆಂಡತಿ ಹರಳೆಣ್ಣೆ ಸವರಿ ಒಲೆಯ ಮೇಲಿಟ್ಟು, ಯಾರದೋ ಫೋನು ಬಂತೆಂದು ಹೊರಗೆ ಹೋದಳು. ಎಣ್ಣೆ ಸೀದು ಹೊಗೆ ನಡುಮನೆಗೆ ನುಗ್ಗಿತು. ಬೇರೆಯವರಾಗಿದ್ದರೆ ಕೆಮ್ಮಿ, ಕಿಟಕಿ ತೆರೆದು ಸುಮ್ಮನಾಗುತ್ತಿದ್ದರು. ನನಗೆ ಮೈ ಉರಿದುಹೋಯಿತು. ಸುಟ್ಟ ಹರಳೆಣ್ಣೆಯ ವಾಸನೆ ಎಂದರೆ ನನಗೆ ನನ್ನ ಅಕ್ಕನ ಗಂಡ... ಹಿರಿಯೂರಿನ ಭಾವ. ಸತ್ತು ವರ್ಷವಾದ ಮೇಲೂ ಆ ಮನುಷ್ಯ ಕೇಳದೆ ಕರೆಯದೆ ಮನೆಯೊಳಗೆ ಬಂದು ಕೂತರು ಅನ್ನಿಸಿತು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಡದೇ ಇರಲು ನನ್ನ ಕೈಲಾಗುವುದಿಲ್ಲ. ಒಳ್ಳೆಯದನ್ನು ಆಡುವವರು ಅವರ ಶಿವಗಣಾರಾಧನೆಯ ದಿನ ಬೇಕಾದಷ್ಟು ಜನ ಇದ್ದರು, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ನಿಧಾನವಾಗಿ ಎಲ್ಲವನ್ನೂ ಆಡಿ ಹೋದರು. ನನ್ನ ಪಾಲಿನದು ಬಾಕಿ ಉಳಿದಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಹೊಳಲ್ಕೆರೆ. ನಾನು ಬೆಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಚಿತ್ರದುರ್ಗದ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಂಗಳೂರಿನಲ್ಲಿದ್ದಾಗ ನನಗೊಂದು ಹುಚ್ಚು ಹತ್ತಿತ್ತು. ಭಾನುವಾರಗಳಂದು ಅಲ್ಲಿನ ಬಯಲಿನಲ್ಲಿ ವಿಮಾನ ಕಾರ್ಖಾನೆಯ ಕೆಲವರು ತಾವೇ ಮಾಡಿದ ಪುಟ್ಟ ವಿಮಾನಗಳನ್ನು ಹಾರಿಸುತ್ತಿದ್ದರು. ನೆಲದ ಮೇಲೆ ನಿಂತು, ಕೈಯಲ್ಲಿನ ರೇಡಿಯೋ ಪೆಟ್ಟಿಗೆಯ ಕಡ್ಡಿಗಳನ್ನು ಆಡಿಸಿದರೆ ಆ ವಿಮಾನ ಆಕಾಶದಲ್ಲಿ ಲಾಗ ಹಾಕುತ್ತಿತ್ತು, ಹೊಟ್ಟೆ ಮೇಲೆ ಮಾಡಿಕೊಂಡು ಹಾರುತ್ತಿತ್ತು. ಇಂಧನದಲ್ಲಿ ಹರಳೆಣ್ಣೆ ಬೆರೆಸುತ್ತಿದ್ದರಿಂದ ಬಯಲೆಲ್ಲ ಅದರದೇ ಹೊಗೆ. ಅಲ್ಲಿನ ಒಬ್ಬ ಗೆಳೆಯ ನನಗೆ ಹಾರಿಸಲು ಕಲಿಸಿದ. ಮನೆಯ ರೇಡಿಯೋಗೂ ಲೈಸೆನ್ಸು ಬೇಕಿದ್ದ ಆ ಕಾಲದಲ್ಲಿ ಓಡಾಡಿ ಪರವಾನಗಿ ಕೊಡಿಸಿ, ತನ್ನ ಹಳೆಯ ರೇಡಿಯೋ ಪೆಟ್ಟಿಗೆಯನ್ನು ನನಗೇ ಬಿಟ್ಟುಕೊಟ್ಟ. ಲಾಗ ಹಾಕುವ ವಿಮಾನಗಳ ಸ್ಪರ್ಧೆಯೊಂದು ಬೆಂಗಳೂರಿನಲ್ಲಿ ನಡೆಯುವುದಿತ್ತು. ಅದಕ್ಕೆ ನಾನೂ ಒಂದು ವಿಮಾನ ತರಬೇಕು ಎಂದು ಅವನೇ ಹುರಿದುಂಬಿಸಿದ.

ಚಿತ್ರದುರ್ಗದ ಬಾಡಿಗೆ ಕೋಣೆಯಲ್ಲಿ ಮಂಚ ಎತ್ತಿ ಗೋಡೆಗೆ ಒರಗಿಸಿ ನೆಲದ ಮೇಲೆ ಆ ವಿಮಾನ ಕಟ್ಟಿದೆ. ಬೆಂಡಿನಷ್ಟು ಹಗುರವಾದ ಬಾಲ್ಸಾ ಕಟ್ಟಿಗೆಯನ್ನು ಬ್ಲೇಡಿನಲ್ಲಿ ಕೊಯ್ದು, ಉಜ್ಜಿ, ಅಂಟಿಸಿ, ರೆಕ್ಕೆಗೆ ತೆಳು ರೇಷ್ಮೆ ಬಟ್ಟೆ ಬಿಗಿದೆ. ಹಬ್ಬಕ್ಕೆ ಊರಿಗೆ ಹೋದರೂ ಮನಸ್ಸೆಲ್ಲ ಅಲ್ಲೇ. ಅಷ್ಟು ಅಕ್ಕರೆಯಿಂದ ನಾನು ಜೀವನದಲ್ಲಿ ಇನ್ನೊಂದು ಕೆಲಸ ಮಾಡಿಲ್ಲ. ಕೊನೆಗೆ ಇಂಜಿನ್ ಒಂದೇ ಬಾಕಿ ಉಳಿಯಿತು. ಅಂಥ ಇಂಜಿನ್ನು ಆಗ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಹೊರದೇಶದಿಂದ ಬರುವ ಯಾರಾದರೂ ಬಟ್ಟೆಯ ನಡುವೆ ಸುತ್ತಿ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗೆ ಭಾವ ನಡುವೆ ಬಂದರು. ಅವರದು ಹಿರಿಯೂರಿನಲ್ಲಿ ಡೀಸೆಲ್ ಪಂಪ್‌ಸೆಟ್ಟಿನ ಅಂಗಡಿ. ಸುತ್ತಲಿನ ತೆಂಗಿನ ತೋಟಗಳಿಗೆಲ್ಲ ಅವರದೇ ಇಂಜಿನ್. ಬೊಂಬಾಯಿಯಿಂದ ಬಂದುಹೋಗುವ ಒಬ್ಬ ಏಜೆಂಟ್ ಇಂಥ ಸಾಮಾನು ತರಿಸಬಲ್ಲ ಎಂದು ತಿಳಿದದ್ದೇ ಭಾವ ಎದೆಯುಬ್ಬಿಸಿ, "ಇಂಜಿನ್ ನನ್ನ ಉಡುಗೊರೆ ಕಣಲೇ ಭಾಮೈದ" ಅಂದರು. ನಾನು ಹಿಗ್ಗಿದೆ. ಅವರ ಉಡುಗೊರೆ ಎಂದರೆ ಏನೆಂದು ಗೊತ್ತಿದ್ದೂ ಹಿಗ್ಗಿದೆ.

ಏಜೆಂಟ್ ಎರಡು ಇಂಜಿನ್ ತಂದಿದ್ದ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಸಂಜೆಯ ಬಸ್ಸಿಗೆ ವಾಪಸು ಒಯ್ಯುವುದು ಎಂದು ಮಾತಾಗಿತ್ತು. ನಾನು ದುರ್ಗದಿಂದ ಓಡಿಬಂದೆ. ಅಂಗಡಿಯ ಮೇಜಿನ ಮೇಲೆ ಎರಡೂ ಇದ್ದವು. ಸಣ್ಣದು ನನ್ನ ಮುಷ್ಟಿಯೊಳಗೆ ಅಡಗುವಂಥದ್ದು, ಲಿಂಗದ ಬೆಳ್ಳಿ ಕರಡಿಗೆಯ ಹಾಗೆ ಹೊಳೆಯುತ್ತಿತ್ತು. ಕಡ್ಡಿ ಒಂದು ಕೂದಲೆಳೆ ಅಲುಗಿದರೂ ವೇಗ ಏರಿಸಿ ಇಳಿಸುವ ಜಾತಿ, ತಲೆಕೆಳಗಾದಾಗಲೂ ಇಂಧನ ಹೀರುವುದು ನಿಲ್ಲಿಸದಂಥದ್ದು. ನನ್ನ ವಿಮಾನದ ಮೂಗನ್ನು ನಾನು ಮಾಡಿದ್ದೇ ಅಂಥದ್ದರ ಅಳತೆಗೆ. ಇನ್ನೊಂದು ಅದರ ದೊಡ್ಡಣ್ಣ. ಅದೂ ಒಳ್ಳೆಯ ಇಂಜಿನ್ನೇ, ಆದರೆ ಇನ್ನೂ ದೊಡ್ಡ ವಿಮಾನಕ್ಕೆ.

ಭಾವನ ಅಂಗಡಿಯಲ್ಲಿ ಇಂಜಿನ್ ಆರಿಸುವ ಒಂದು ಪದ್ಧತಿ ಇತ್ತು. ಕೊಳ್ಳಲು ಬಂದ ರೈತರು ಪಂಪ್‌ಸೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ದೊಡ್ಡ ಗಾಲಿಯನ್ನು ಕೈಯಿಂದ ತಿರುಗಿಸಿ, ಆಮೇಲೆ ಒಂದು ಬದಿ ಹಿಡಿದು ಎತ್ತಿ ನೋಡುತ್ತಿದ್ದರು. ತಿಣುಕಿದಷ್ಟೂ ಮುಖ ಅರಳುತ್ತಿತ್ತು. ಗಾಲಿ ಭಾರವಾಗಿದ್ದರೆ ಆಳದ ಬಾವಿಯಿಂದ ನೀರೆಳೆಯುವಾಗ ಇಂಜಿನ್ ಉಸಿರು ಕಟ್ಟುವುದಿಲ್ಲ ಎನ್ನುವುದು ಅವರ ಲೆಕ್ಕ. ಪಂಪ್‌ಸೆಟ್ಟಿಗೆ ಅದು ಸರಿಯಾದ ಲೆಕ್ಕವೇ. ಬಾವಿಯ ದಡದಲ್ಲಿ ಕೂರುವ ಇಂಜಿನ್ ತನ್ನ ಭಾರವನ್ನು ತಾನೇ ಹೊತ್ತು ಮೇಲೇರಬೇಕಾಗಿಲ್ಲವಲ್ಲ.

ಭಾವ ಎರಡನ್ನೂ ಎರಡು ಅಂಗೈಯಲ್ಲಿಟ್ಟುಕೊಂಡು ತಕ್ಕಡಿಯಂತೆ ತೂಗಿದರು. ಸಣ್ಣದನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು.

"ಇದ್ಯಾವುದಲೇ, ಗುಬ್ಬಿಮರಿ ಇದ್ದಂಗೈತೆ. ಇಂಜಿನ್ ಅಂದ್ರೆ ಹಿಡಿದ ಕೈಗೆ ತಿಳೀಬೇಕು."

"ಭಾವ, ದೊಡ್ಡದು ಹಾಕಿದ್ರೆ ಮೂಗು ಕೆಳಗಾಗ್ತೈತೆ. ಅದನ್ನ ಸರಿ ಮಾಡಾಕೆ ಬಾಲಕ್ಕೆ ಸೀಸ ಕಟ್ಬೇಕು. ಎರಡೂ ಕಡೆ ಭಾರ ಆಗ್ತೈತೆ."

"ಕಟ್ಟು. ಹಿರಿಯೂರಾಗೆ ಸೀಸಕ್ಕೇನು ಬರ ಬಂದೈತಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಏಜೆಂಟನೂ ನಕ್ಕ. ಭಾವ ನಗು ಮುಗಿಯುವವರೆಗೆ ಕಾದು, "ಇಂಜಿನ್ ಮಾರಿಕಂಡೇ ಮನೆ ಕಟ್ಟಿದೋನು ನಾನು. ನಂಗೇ ಪಾಠ ಹೇಳ್ತೀಯೇನಪ್ಪ?" ಅಂದರು.

ಬೇಡ ಎನ್ನಬೇಕಿತ್ತು, ಅಷ್ಟೇ. ಆದರೆ ಆ ಮನೆಯಲ್ಲಿ ಬೇಡ ಎಂದರೆ ಅದರ ಬಿಸಿ ತಟ್ಟುತ್ತಿದ್ದುದು ಅಕ್ಕನಿಗೆ. ಹಿಂದೊಮ್ಮೆ ನಮ್ಮಪ್ಪ ಜನರೆದುರು ಭಾವನ ಮಾತನ್ನು ತಿದ್ದಿದ್ದರು, ಅದೂ ಯಾವುದೋ ಬಸ್ಸಿನ ಹೊತ್ತಿನ ವಿಷಯಕ್ಕೆ. ಆ ವರ್ಷ ಪಂಚಮಿಗೆ ಅಕ್ಕನನ್ನು ತವರಿಗೆ ಕಳಿಸಲಿಲ್ಲ. ಅವ್ವ ಉಂಡೆ ಕಟ್ಟಿಕೊಂಡು ಹಿರಿಯೂರಿಗೆ ಹೋದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಈಗ ನಾನು ಗಿರಾಕಿಗಳ ಎದುರು, ಉಡುಗೊರೆಯ ವಿಷಯದಲ್ಲಿ, ಅದೂ ಇಂಜಿನ್ನಿನ ವಿಷಯದಲ್ಲಿ ಎದುರಾಡಿದರೆ ಏನಾಗುತ್ತಿತ್ತೋ! ಸಣ್ಣ ಇಂಜಿನ್ ಏಜೆಂಟನ ಚೀಲ ಸೇರುವುದನ್ನು ನೋಡುತ್ತ, "ಆಗ್ಲಿ ಭಾವ" ಅಂದೆ.

ದುರ್ಗಕ್ಕೆ ಬಂದು ವಿಮಾನದ ಮೂಗು ಕೊಯ್ದೆ. ನನ್ನ ಕೈಯಿಂದಲೇ ಕೊಯ್ದೆ. ದೊಡ್ಡ ಇಂಜಿನ್ ಕೂರಿಸಿ, ಬಾಲದೊಳಗೆ ಸೀಸ ತುಂಬಿದೆ. ಎತ್ತಿಕೊಂಡಾಗ ಮೊದಲಿದ್ದ ಹಗುರ ಎಲ್ಲಿ ಹೋಯಿತೋ... ಮಲಗಿದ ಮಗುವನ್ನು ಎತ್ತಿದ ಹಾಗೆ ಕೈ ಜಗ್ಗುತ್ತಿತ್ತು. ಬೆಂಗಳೂರಿನ ಗೆಳೆಯ ಒಂದು ಭಾನುವಾರ ಬಂದು ಊರಾಚೆ ಹಾರಿಸಿ ಇಳಿಸಿದ. ಅವನಿಗೂ ಬೇಸರವಾಗಿತ್ತು. "ಸುತ್ತು ಹಾಕಿಸು, ಇಳಿಸು. ಲಾಗ ಮಾತ್ರ ಹಾಕಿಸಬೇಡ, ರೆಕ್ಕೆ ತಡೆಯಲ್ಲ. ಇನ್ನೊಂದು ಸಣ್ಣ ಇಂಜಿನ್ ಹುಡುಕೋಣ, ಅಲ್ಲೀತನಕ ಇದನ್ನ ಉಳಿಸಿಕೋ" ಅಂದ. ಆ ಮಾತೊಂದನ್ನೇ ಹಿಡಿದುಕೊಂಡಿದ್ದೆ. ವಿಮಾನ ಉಳಿದರೆ ಸ್ಪರ್ಧೆಯ ಆಸೆಯೂ ಉಳಿದಂತೆ.

ಭಾವ ಉಳಿಸಲು ಬಿಟ್ಟರೆ ತಾನೆ? ತಮ್ಮ ಉಡುಗೊರೆ ಊರಿಗೆ ಕಾಣಬೇಕಿತ್ತು ಅವರಿಗೆ. ಹಿರಿಯೂರಿನ ಆಚೆ ನೀರು ಬತ್ತಿದ ಕೆರೆಯಂಗಳದಲ್ಲಿ ಅಂಗಡಿಯ ಬೆಂಚು ಹಾಕಿಸಿ, ಕಾಯಿ ವ್ಯಾಪಾರಿಗಳನ್ನೂ ಪಂಪ್‌ಸೆಟ್ ಗಿರಾಕಿಗಳನ್ನೂ ಕರೆದರು. ನನ್ನನ್ನು ಹೇಳಿಕಳಿಸಿ ಕರೆಸಿದರು. ಅಕ್ಕ ಬರಲಿಲ್ಲ. ಆಮೇಲೆ ಅಷ್ಟೂ ಜನ ಮನೆಗೆ ಮಂಡಕ್ಕಿ ಮೆಣಸಿನಕಾಯಿಗೆ ಬರುವವರಿದ್ದರು. ಅವಳಿಗೆ ಒಲೆಯ ಮುಂದಿನ ಕೆಲಸ.

ವಿಮಾನ ಏರಿತು. ಎರಡು ಸುತ್ತು ಹಾಕಿಸಿದೆ. ಅಲ್ಲೇ ಕುರಿ ಮೇಯಿಸುತ್ತಿದ್ದ ಒಬ್ಬಾತ ಕಂಬಳಿ ಕೊಡವಿ, "ಏನ್ ಸ್ವಾಮಿ ಇದು, ನಮ್ಮ ಕುರಿ ದಿಕ್ಕಾಪಾಲು ಆಗ್ತಾವೆ, ಇಳಿಸ್ರಿ ಅದನ್ನ!" ಎಂದು ಕೂಗಿದ. ಆ ದಿನ ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದವನು ಅವನೊಬ್ಬ. ಇಳಿಸಲು ತಿರುಗಿಸುತ್ತಿದ್ದೆ, ಭಾವ ಪಕ್ಕಕ್ಕೆ ಬಂದು ನಿಂತರು.

"ಲಾಗ ಹಾಕ್ಸಲೇ."

"ಇನ್ನೊಂದು ದಿನ ಭಾವ..."

"ಇನ್ನೊಂದು ದಿನ ಇವ್ರನ್ನೆಲ್ಲಾ ಎಲ್ಲಿಂದ ಕರ್ಕಂಡು ಬರ್ಲಿ? ಬರೀ ಸುತ್ತು ಹಾಕೋದು ಹದ್ದೂ ಹಾಕ್ತೈತೆ. ನಿಮ್ಮಕ್ಕ ಬೆಳಗಿಂದ ಒಲೆ ಮುಂದೆ ನಿಂತವಳೆ, ನನ್ನ ಮರ್ಯಾದೆ ಕಳೀಬ್ಯಾಡ."

ಅಕ್ಕನ ಹೆಸರು ಎಲ್ಲಿ ಎತ್ತಬೇಕೆಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ನಾನು ವೇಗ ಏರಿಸಿದೆ, ಮೂಗು ಎತ್ತಿದೆ. ಸುಳ್ಳು ಹೇಳುವುದಿಲ್ಲ, ಆ ಇಂಜಿನ್ ಎಳೆಯಿತು. ಕೆರೆಯಂಗಳವೆಲ್ಲ ಗುಡುಗುವಂತೆ ಎಳೆಯಿತು. ವಿಮಾನ ನೆಟ್ಟಗೆ ಮೇಲೇರಿ, ನೆತ್ತಿಯಲ್ಲಿ ಹೊಟ್ಟೆ ತೋರಿಸಿ ಮಗುಚಿದಾಗ ಬೆಂಚಿನ ಮೇಲಿದ್ದವರು ಎದ್ದು ನಿಂತು ಶಿಳ್ಳೆ ಹೊಡೆದರು. ನನಗೂ ಒಂದು ಗಳಿಗೆ ಎಲ್ಲ ಮರೆತುಹೋಯಿತು. ಆಮೇಲೆ ಅದು ಇಳಿಯತೊಡಗಿತು. ಮೂಗಿನ ಇಂಜಿನ್ನು, ಬಾಲದ ಸೀಸ, ಎಲ್ಲದರ ಭಾರವೂ ಒಟ್ಟಿಗೆ ರೆಕ್ಕೆಯ ಮೇಲೆ ಬಿತ್ತು. ಮೂಗೆತ್ತಲು ಕಡ್ಡಿ ಎಳೆದೆ. ಎಳೆದಷ್ಟೂ ರೆಕ್ಕೆ ಗಾಳಿಯ ಹಿಡಿತ ಬಿಟ್ಟಿತು. ವಿಮಾನ ಒಮ್ಮೆ ಪಕ್ಕಕ್ಕೆ ಹೊರಳಿ ನೇರ ನೆಲಕ್ಕೆ ಬಡಿಯಿತು.

ರೆಕ್ಕೆಯ ಚೂರುಗಳು ಗಾಳಿಗೆ ಹಾರಿ ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡವು. ನಾನು ಹೋಗುವುದರೊಳಗೆ ಭಾವ ಅಲ್ಲಿ ಮಂಡಿಯೂರಿ ಕೂತು, ಒಣಗಿದ ಕೆರೆಗೋಡಿನ ಮಣ್ಣನ್ನು ಬಗೆದು ಇಂಜಿನ್ ಹೊರಗೆ ತೆಗೆದಿದ್ದರು. ಅದನ್ನು ಪಂಚೆಯ ತುದಿಯಲ್ಲಿ ಒರೆಸಿ, ಬೆರಳಿನಿಂದ ತಿರುಗಿಸಿದರು. ತಿರುಗಿತು. ಅವರ ಮುಖ ಅರಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ನೋಡ್ರಿ ಇಲ್ಲಿ! ಒಂದು ಗೀರು ಬಿದ್ದಿಲ್ಲ. ನಾನು ಆರಿಸಿದ್ದು ಅಂದ್ರೆ ಇದು. ಕಟ್ಟಿಗೆ ಕೆಲ್ಸ ಪೊಳ್ಳು, ಅದುಕ್ಕೇ ಬಿತ್ತು."

ಅದೇ ತೀರ್ಪಾಯಿತು. ಎಲ್ಲರೂ ಇಂಜಿನ್ನನ್ನು ಕೈಯಿಂದ ಕೈಗೆ ದಾಟಿಸಿ, ತೂಗಿ, ತಲೆದೂಗಿದರು. ಮನೆಗೆ ಹೋಗಿ ಅಕ್ಕ ಕರಿದ ಮೆಣಸಿನಕಾಯಿ ಮೆಲ್ಲುತ್ತ ನನ್ನ ಕಟ್ಟಿಗೆ ಕೆಲಸದ ಹುಳುಕನ್ನು ಒಬ್ಬೊಬ್ಬರೇ ಎತ್ತಿ ಆಡಿದರು. ಅಕ್ಕ ನನ್ನೆದುರೂ ತಟ್ಟೆ ಇಟ್ಟಳು. ನಾನು ಮುಟ್ಟಲಿಲ್ಲ. ಭಾವ ಆ ಇಂಜಿನ್ನನ್ನು ಅಂಗಡಿಯ ದೇವರ ಪಟದ ಕೆಳಗಿಟ್ಟು, ಪ್ರತಿ ಆಯುಧಪೂಜೆಗೆ ಕುಂಕುಮ ಹಚ್ಚಿ ಹೂವಿಡುತ್ತಿದ್ದರು. ಯಾವ ಮದುವೆಗೆ ಹೋದರೂ ನನ್ನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡು ಅದೇ ಕಥೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ಹಲ್ಲು ಬಿಡಬೇಕಿತ್ತು. ಅಂಗಡಿ ಮಾರಿದಾಗ ಅದು ಯಾವ ಗುಜರಿ ಸೇರಿತೋ, ನಾನು ಕೇಳಲಿಲ್ಲ.

ಸ್ಪರ್ಧೆ ನನ್ನನ್ನು ಬಿಟ್ಟೇ ನಡೆಯಿತು. ಮತ್ತೆ ವಿಮಾನ ಕಟ್ಟಲಿಲ್ಲ. ಬಾಲ್ಸಾ ಸಿಗಲಿಲ್ಲ, ಮದುವೆಯಾಯಿತು, ಬಿಡುವಿರಲಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದೆ. ನಿಜವಾಗಿ ಕೈ ಮುಂದೆ ಬರಲಿಲ್ಲ, ಅಷ್ಟೇ. ಇದರಲ್ಲಿ ನನ್ನ ತಪ್ಪು ಎಳ್ಳಷ್ಟೂ ಇಲ್ಲವೆಂದು ಇವತ್ತಿಗೂ ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ. ಅಕ್ಕನ ಸಂಸಾರಕ್ಕಾಗಿ ನನ್ನ ಆಸೆಯನ್ನು ಬಿಟ್ಟೆ. ಈ ಒಂದು ಹೆಮ್ಮೆಯಾದರೂ ನನಗೆ ಉಳಿದಿತ್ತು.

ಆ ಹೊಗೆಯ ಸಿಟ್ಟು ತಡೆಯಲಾರದೆ ಮೊನ್ನೆ ಹೊಸದುರ್ಗಕ್ಕೆ ಹೋದೆ. ಅಕ್ಕ ಈಗ ಅಲ್ಲಿ ಮಗಳ ಜೊತೆ ಇದ್ದಾಳೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ಎಳೆದುಕೊಂಡು ಕೂತು, ಭಾವನನ್ನು ಬೈಯಲು ಶುರು ಮಾಡಿದೆ. ಅಕ್ಕ ತಡೆಯಲಿಲ್ಲ, ನಗುತ್ತಲೇ ಕೇಳಿದಳು. ಆ ಹುರುಪಿನಲ್ಲಿ, ಇಷ್ಟು ವರ್ಷ ಹೇಳದೇ ಇದ್ದದ್ದನ್ನೂ ಹೇಳಿಬಿಟ್ಟೆ. "ಅವತ್ತು ನಿಂಗೋಸ್ಕರ ಬಾಯಿ ಮುಚ್ಕಂಡೆ ಕಣಕ್ಕ. ಇಲ್ದಿದ್ರೆ ಅಂಗಡಿಯಾಗೇ ಬ್ಯಾಡ ಅಂದು ಎದ್ದು ಬರ್ತಿದ್ದೆ."

ಅಕ್ಕನ ನಗು ನಿಂತಿತು. ಕೈಯಲ್ಲಿದ್ದ ಕಾಯನ್ನು ಸುಲಿದು ಮುಗಿಸಿದಳು.

"ನಂಗೋಸ್ಕರನಾ?" ಅಂದಳು. "ಅಪ್ಪನೂ ಹಂಗೇ ಅಂದ. ಅವ್ವನೂ ಹಂಗೇ ಅಂದ್ಲು. ನಂಗೋಸ್ಕರ ಅಂತ ಎಲ್ಲಾರೂ ಸುಮ್ಕೆ ಆದ್ರಿ ಕಣಪ್ಪ. ಆ ಮನೆಯಾಗೆ ಅವ್ರಿಗೆ ಬ್ಯಾಡ ಅನ್ನೋಳು ನಾನೊಬ್ಳೇ ಉಳ್ಕಂಡೆ."

ಅಷ್ಟು ಹೇಳಿ, ಸುಲಿದ ಕಾಳನ್ನು ಮೊರಕ್ಕೆ ಸುರಿದು ಒಳಗೆ ಹೋದಳು. ಸಾರಿಗೆ ಇಡುವ ಹೊತ್ತಾಗಿತ್ತು. ನಾನು ಸಿಪ್ಪೆಗಳನ್ನು ಗುಡ್ಡೆ ಮಾಡುತ್ತ ಅಲ್ಲೇ ಕೂತಿದ್ದೆ.

ಭಾವನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಆದರೆ ಅಕ್ಕನ ಪಕ್ಕ ಕೂತು ಅವರನ್ನು ಬೈಯುವ ಒಂದು ಸುಖ ಇತ್ತು, ಅದು ಮೊನ್ನೆಗೆ ಹೋಯಿತು. ಈಗಲಾದರೂ ಅವರೆದುರು ನಿಂತು, ಅಕ್ಕನಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಒಂದು ಸಲ ಬೇಡ ಎಂದುಬಿಡೋಣ ಅನ್ನಿಸುತ್ತದೆ... ಆ ಮನುಷ್ಯ ಇಲ್ಲ.