ಎರಡು ಅಂಗಡಿ ಆಚೆಯ ಐದು ಸ್ಟಾರ್

ಹತ್ತೊಂಬತ್ತು ದಿನಗಳಲ್ಲಿ ನಲವತ್ತೆರಡು ಸಲ. ಸುನಂದಾ ಕಾಕು ಅವರ ರೊಟ್ಟಿ ಅಂಗಡಿಯ ಮ್ಯಾಪ್ ಪುಟವನ್ನು ನಾನು ಫೋನಿನಲ್ಲಿ ತೆರೆದು ನೋಡಿದ ಲೆಕ್ಕ ಇದು. (ಎಲ್ಲದರ ಲೆಕ್ಕ ಬರೆದಿಡುವ ಡೈರಿಯೊಂದು ನನ್ನ ಬಳಿ ಇದೆ. ಅದರಲ್ಲಿ ಹೊಟ್ಟೆಕಿಚ್ಚಿಗೂ ಒಂದು ಕಾಲಂ ಇದೆ.)

ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ಗಲ್ಲಿಯಲ್ಲಿ ಜೋಳದ ರೊಟ್ಟಿಯ ಅಂಗಡಿಗಳು ಎರಡು. ಒಂದು ನನ್ನ ಅವ್ವನದು. ಎರಡು ಅಂಗಡಿ ಆಚೆಗಿನದು ಕಾಕು ಅವರದು. ನಮಗೆ ವೆಬ್‌ಸೈಟ್ ಇದೆ, ನಾನೇ ಮಾಡಿದ್ದು. ಅವರಿಗಿಲ್ಲ. ಆದರೂ ಹತ್ತಿರದ ಜೋಳದ ರೊಟ್ಟಿ ಎಂದು ಹುಡುಕಿದರೆ ಮೊದಲು ಬರುವುದು ಅವರು. ನಾವು? ಆರನೆಯವರು. ನಮಗಿಂತ ಮೇಲೆ ಒಂದು ಹಿಟ್ಟಿನ ಗಿರಣಿ.

ಭಾನುವಾರ ಊರಿನ ಆ ತುದಿಯ ಮಾದಾಪುರದ ಆಫೀಸಿನ ಹುಡುಗರು ಫೋನ್ ಹೇಳಿದ ಕಡೆಗೇ ಗಾಡಿ ತಿರುಗಿಸುತ್ತಾರೆ. ಅಷ್ಟು ದೂರದಿಂದ ಬಂದು, ನಮ್ಮ ಬಾಗಿಲ ಮುಂದೆಯೇ ಹಾದು, ಕಾಕು ಅಂಗಡಿಗೆ ಹೋಗುತ್ತಾರೆ. ನೋಡಿ ನೋಡಿ ಅವ್ವ ಗಡುವು ಹಾಕಿದಳು.

“ಒಂದ್ ತಿಂಗಳಾ ನೋಡ್ತೀನಿ. ಆಮ್ಯಾಲ ಬೋರ್ಡ್ ಇಳಿಸಿ ಆಕಿ ಅಂಗಡಿಗೇ ರೊಟ್ಟಿ ಬಡದ್ ಕೊಡ್ತೀನಿ. ಮಂದಿ ಅಲ್ಲೇ ಹೊಂಟಾರಂದ್ರ ನಾ ಇಲ್ಲಿ ಕುಂತು ಏನ್ ಮಾಡ್ಲಿ?”

ಆ ಬೋರ್ಡಿನ ಮೇಲೆ ಅವ್ವನ ಹೆಸರಿದೆ. ಅದು ಇಳಿಯುವುದನ್ನು ನಾನು ನೋಡಲಾರೆ. (ಕಾಕು ಅದನ್ನು ನೋಡುವುದನ್ನಂತೂ ನೋಡಲಾರೆ.)

ಮ್ಯಾಪಿನಲ್ಲಿ ಪಿನ್ ಸರಿಮಾಡಿದೆ. ವಿಳಾಸ, ನಂಬರು, ಬಾಗಿಲು ತೆರೆಯುವ ಸಮಯ ಎಲ್ಲ ಕಡೆ ಒಂದೇ ತರ ಬರೆದೆ. ಹದಿನಾಲ್ಕು ಫೋಟೋ ಹಾಕಿದೆ. ತೆಲುಗಿನವರಿಗೆಂದು ‘ಜೊನ್ನ ರೊಟ್ಟೆ’ ಎಂದೂ ಸೇರಿಸಿದೆ. ನಾಲ್ಕನೇ ಸ್ಥಾನಕ್ಕೆ ಬಂದೆವು. ಗಿರಣಿಯನ್ನು ಹಿಂದೆ ಹಾಕಿದ ದಿನ ಎರಡು ಹೋಳಿಗೆ ತಿಂದೆ.

ಕಾಕು ಮಾತ್ರ ಏನೂ ಮಾಡದೆ ಒಂದರಲ್ಲೇ ಕುಳಿತಿದ್ದರು. ಅವರ ಬಲ ಏನು? ರಿವ್ಯೂ. ಅವರಿಗೆ ಐವತ್ತಾರು, ನಮಗೆ ಮೂರು. (ಮೂರರಲ್ಲಿ ಒಂದು ನನ್ನದೇ. ಹೌದು.)

ಮೊನ್ನೆ ನಲವತ್ತೆರಡನೆಯ ಸಲ ತೆರೆದಾಗ ಅಲ್ಲಿ ಐವತ್ತೇಳನೆಯದು ಬಂದಿತ್ತು, ಕನ್ನಡದಲ್ಲಿ. “ಇವರ ಶೇಂಗಾ ಹಿಂಡಿಯಂಥಾದ್ದು ಈ ಊರಾಗ ಯಾರ ಕೈಯಾಗೂ ಆಗಂಗಿಲ್ಲ. ಒಮ್ಮೆ ತಿಂದು ನೋಡ್ರಿ.” ರೊಟ್ಟಿ ಜೊತೆ ಕೊಡುವ ಚಟ್ನಿಪುಡಿಗೆ ಐದು ಸ್ಟಾರ್. ಬರೆದವರ ಹೆಸರಿನ ಜಾಗದಲ್ಲಿ ನಮ್ಮ ಅಂಗಡಿಯ ಹೆಸರು.

ಅಂಗಡಿಯ ಅಕೌಂಟನ್ನು ಅವ್ವನ ಫೋನಿಗೆ ಹಾಕಿಕೊಟ್ಟವಳು ನಾನೇ. ಓಡಿದೆ.

“ಅವ್ವಾ, ಇದೇನಿದು?”

“ನೀನ ಹೇಳಿದ್ದಿ, ಮಂದಿ ಚಲೋ ಬರದ್ರ ಅಂಗಡಿ ಮ್ಯಾಲ ಬರತೈತಿ ಅಂತ. ಮೈಕ್ ಒತ್ತಿ ಮಾತಾಡಿದೆ, ತಾನ ಬರಕೊಂತು.”

“ಮತ್ತ ನಮ್ಮ ಅಂಗಡಿಗೆ ಬರೀಬಾರದಿತ್ತಾ?”

“ನಮ್ಮದನ್ನ ನಾವ ಹೊಗಳಕೊಂಡ್ರ ಮಂದಿ ನಗಂಗಿಲ್ಲೇನು?” ಹಿಟ್ಟು ನಾದುವ ಕೈ ನಿಲ್ಲಲಿಲ್ಲ. “ಆಕಿ ಹಿಂಡಿ ಚಲೋ ಐತಿ. ಚಲೋ ಐತಿ ಅಂದೆ. ಅದರಾಗೇನೈತಿ?”

ನನ್ನ ಆ ಒಂದು ರಿವ್ಯೂ ನೆನಪಾಯಿತು.

ಗಡುವಿಗೆ ಇನ್ನು ಹನ್ನೊಂದು ದಿನ. ಅವ್ವ ಬರೆದದ್ದನ್ನು ನಾನು ಅಳಿಸಬಹುದು, ಪಾಸ್‌ವರ್ಡ್ ನನ್ನ ಬಳಿಯೇ ಇದೆ. ಅಳಿಸಿಲ್ಲ. ಅದರ ಬದಲು ಡೈರಿ ತೆಗೆದು ನಾಲ್ಕು ವರ್ಷ ಹಿಂದಕ್ಕೆ ಹೋದೆ. ನಾನು ಮಾಡಿದ ಯಾವುದನ್ನಾದರೂ ನೋಡಿ ಅವ್ವ ಚಲೋ ಐತಿ ಎಂದ ದಿನ ಹುಡುಕಿದೆ. ಒಂದೂ ಸಿಗಲಿಲ್ಲ.

ಹೊಗಳಬಾರದ ‘ನಮ್ಮದು’ ಅಂದರೆ, ಅವ್ವನ ಲೆಕ್ಕದಲ್ಲಿ, ಮಗಳೂ ಸೇರಿಯೇ?